ಹಡಗಿನ ಊಟಕ್ಕೆ ಮಜ್ಜಿಗೆ ಅನ್ನ ಎಲ್ಲಿದೆ?

ಪ್ರಶ್ನೆ: ನನಗೆ 58, ನಮ್ಮ ಯಜಮಾನರಿಗೆ 63 ವರ್ಷ. ಮೈಸೂರಿನವರು. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಅವರಿಗೆ ಹನ್ನೆರಡು ವರ್ಷದಿಂದ ಶುಗರ್ ಇದೆ. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ನನಗೆ ಬಿ.ಪಿ. ಮಗ ಹ್ಯೂಸ್ಟನ್‌ನಲ್ಲಿದ್ದಾನೆ. ಈ ಸಲ ನಾವು ಅಲ್ಲಿಗೆ ಹೋದಾಗ ಗ್ಯಾಲ್ವೆಸ್ಟನ್ ಬಂದರಿನಿಂದ ಏಳು ರಾತ್ರಿಯ ಕ್ರೂಸ್‌ಗೆ ಕರೆದುಕೊಂಡು ಹೋಗುತ್ತಾನಂತೆ. ಕೂಲ್ ಡ್ರಿಂಕ್ಸ್ ಪ್ಯಾಕೇಜನ್ನೂ ತೆಗೆದುಕೊಳ್ಳುತ್ತೇನೆ ಅನ್ನುತ್ತಿದ್ದಾನೆ. ಎರಡು ವರ್ಷದ ಹಿಂದೆ ಸಿಂಗಾಪುರದಿಂದ ಮೂರು ರಾತ್ರಿ ಹಡಗಿನಲ್ಲಿ ಹೋಗಿದ್ದೆವು. ಇಳಿದ ದಿನ ಇವರ ಶುಗರ್ 290 ಇತ್ತು, ನನ್ನ ತೂಕ ಎರಡು ಕೆ.ಜಿ. ಜಾಸ್ತಿ ಆಗಿತ್ತು. ಬಾಯಿ ಕಟ್ಟಿಕೊಂಡು ಕೂರಲು ಇಷ್ಟವಿಲ್ಲ. ಕಾಯಿಲೆ ಮಾಡಿಕೊಂಡು ಬರುವುದೂ ಬೇಡ. ಹೇಗೆ ತಿನ್ನಬೇಕು ಹೇಳಿ.

ಉತ್ತರ: ಮೊದಲು ಆ ಎರಡು ಕೆ.ಜಿ.ಯ ಭಯ ಬಿಡಿ. ಒಂದು ಕೆ.ಜಿ. ಕೊಬ್ಬು ಮೈಗೆ ಸೇರಬೇಕಾದರೆ ಬೇಕಾದ್ದಕ್ಕಿಂತ ಸುಮಾರು 7,700 ಕ್ಯಾಲೊರಿ ಜಾಸ್ತಿ ತಿನ್ನಬೇಕು. ಮೂರು ದಿನದಲ್ಲಿ ಎರಡು ಕೆ.ಜಿ. ಕೊಬ್ಬು ಬರಬೇಕು ಅಂದರೆ ದಿನಾ ಐದು ಸಾವಿರ ಕ್ಯಾಲೊರಿ ಹೆಚ್ಚುವರಿ ತಿಂದಿರಬೇಕು. ನೀವು ಹಾಗೆ ತಿಂದಿರಲಾರಿರಿ. ಅದರಲ್ಲಿ ಬಹುಪಾಲು ನೀರು. ಹಡಗಿನ ಊಟದಲ್ಲಿ ಉಪ್ಪು ಜಾಸ್ತಿ. ಉಪ್ಪು ಹೋದಲ್ಲಿ ನೀರು ನಿಲ್ಲುತ್ತದೆ. ಮನೆಗೆ ಬಂದು ಒಂದು ವಾರದಲ್ಲಿ ತಾನಾಗಿ ಇಳಿದಿರಬೇಕು, ಅಲ್ವಾ?

ಆದರೆ 290 ಅನ್ನುವ ಅಂಕಿಯನ್ನು ನಾನು ಹಾಗೆ ಬಿಡುವುದಿಲ್ಲ. ಅದಕ್ಕೆ ಕಾರಣ ಹುಡುಕಬೇಕು.

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಡಯಟಿಶಿಯನ್ ಆಗಿ ಕೆಲಸ ಮಾಡಿದ್ದೇನೆ. ಕೆರಿಬಿಯನ್ ಕಡೆಯ ಇಂಥದೇ ಹಡಗಿನಲ್ಲಿ ನಾನೂ ಒಂದು ವಾರ ಇದ್ದೆ. ಅಲ್ಲಿ ಕೂತು ನನಗೆ ಹೊಳೆದ ಮಾತು ಇದು. ನಮ್ಮ ಮನೆಯ ಊಟಕ್ಕೆ ಒಂದು ಕೊನೆ ಇರುತ್ತದೆ. ಸಾರನ್ನ ಆಯಿತು, ಹುಳಿಯನ್ನ ಆಯಿತು, ಕೊನೆಗೆ ಮಜ್ಜಿಗೆ ಅನ್ನ. ಮಜ್ಜಿಗೆ ಬಿತ್ತು ಅಂದರೆ ಊಟ ಮುಗಿಯಿತು ಅಂತ ಹೊಟ್ಟೆಗೂ ಗೊತ್ತು, ಮನಸ್ಸಿಗೂ ಗೊತ್ತು. ಮದುವೆ ಮನೆಯಲ್ಲಿ ಎಷ್ಟೇ ಬಗೆ ಬಡಿಸಿದರೂ ಎಲೆ ಮಡಚುವ ಹೊತ್ತು ಒಂದು ಬರುತ್ತದೆ. ಮುಂದಿನ ಪಂಕ್ತಿಯವರು ಹಿಂದೆ ನಿಂತಿರುತ್ತಾರೆ. ಹಡಗಿನಲ್ಲಿ ಮಜ್ಜಿಗೆ ಅನ್ನವೂ ಇಲ್ಲ, ಕಾಯುತ್ತಿರುವ ಪಂಕ್ತಿಯೂ ಇಲ್ಲ. ಬೆಳಿಗ್ಗೆ ಆರೂವರೆಗೆ ಶುರುವಾದ ತಿಂಡಿ ಹತ್ತೂವರೆಯ ತನಕ ನಡೆಯುತ್ತದೆ. ಅಷ್ಟು ಹೊತ್ತಿಗೆ ಊಟ ಸಿದ್ಧ. ಆಮೇಲೆ ಈಜುಕೊಳದ ಪಕ್ಕ ಐಸ್‌ಕ್ರೀಮ್ ಯಂತ್ರ. ನಾಲ್ಕಕ್ಕೆ ಕುಕ್ಕೀಸ್. ಆರಕ್ಕೆ ರಾತ್ರಿಯೂಟ. ಮಧ್ಯರಾತ್ರಿ ದಾಟಿದರೂ ಪಿಜ್ಜಾ. ಎಲ್ಲಕ್ಕೂ ಟಿಕೆಟ್‌ನಲ್ಲೇ ದುಡ್ಡು ಕೊಟ್ಟಾಗಿದೆ.

ಹಾಗಾಗಿ ನಿಮಗೆ ನಾನು "ಇದು ತಿನ್ನಬೇಡಿ, ಅದು ತಿನ್ನಬೇಡಿ" ಅಂತ ಉದ್ದ ಪಟ್ಟಿ ಕೊಡುವುದಿಲ್ಲ. ಪ್ರತಿ ಊಟಕ್ಕೂ ನೀವೇ ಒಂದು ಕೊನೆ ಹಾಕಿಕೊಳ್ಳಿ. ದಿನಕ್ಕೆ ಮೂರು ಸಲ ಕೂತು ತಿನ್ನಿ, ಬೇಕಾದರೆ ಸಂಜೆ ಒಂದು ಸಣ್ಣ ತಿಂಡಿ. ಓಡಾಡುತ್ತಾ, ನಿಂತುಕೊಂಡು, ದಾರಿಯಲ್ಲಿ ಕಂಡಿತು ಅಂತ ತಿನ್ನುವುದು ಬೇಡ. ಈ ಒಂದೇ ನಿಯಮ ಹಿಡಿದರೆ ಉಳಿದದ್ದರಲ್ಲಿ ಸಾಕಷ್ಟು ಸಡಿಲ ಇರಬಹುದು.

ಬಫೆಯಲ್ಲಿ ಜಾಸ್ತಿ ತಿನ್ನುವುದು ಬರೀ ಬಾಯಿಚಪಲ ಅಂತ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಒಂದೇ ರುಚಿಯನ್ನು ತಿನ್ನುತ್ತಾ ಹೋದರೆ ಆ ರುಚಿ ಬೇಗ ಸಾಕೆನಿಸುತ್ತದೆ. ಹೊಸ ರುಚಿ ಬಂದ ಕೂಡಲೇ ಹಸಿವು ಮತ್ತೆ ಎದ್ದು ಕೂರುತ್ತದೆ. ಬಾರ್ಬರಾ ರೋಲ್ಸ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು 1981ರಲ್ಲೇ ಇದನ್ನು ತೋರಿಸಿದ್ದಾರೆ. ಹೊಟ್ಟೆ ಬಿರಿಯುವಂತೆ ಉಂಡ ಮೇಲೂ ಹೋಳಿಗೆಗೆ ಜಾಗ ಸಿಗುತ್ತದಲ್ಲ, ಅದೇ ಇದು. ಬಫೆಯಲ್ಲಿ ಐವತ್ತು ರುಚಿ ಒಟ್ಟಿಗೆ ಎದುರಿಗಿರುತ್ತವೆ. ಒಂದೊಂದು ಚಮಚ ಅಂದರೂ ಐವತ್ತು ಚಮಚ ಆಯಿತು.

ಅದಕ್ಕೇ ರಾತ್ರಿಯೂಟ ಮಾತ್ರ ಬಫೆಯಲ್ಲಿ ಬೇಡ. ಡೈನಿಂಗ್ ರೂಮಿಗೆ ಹೋಗಿ. ಗ್ಯಾಲ್ವೆಸ್ಟನ್‌ನಿಂದ ಕಾರ್ನಿವಲ್, ರಾಯಲ್ ಕೆರಿಬಿಯನ್ ಮುಂತಾದ ಕಂಪನಿಗಳ ಹಡಗುಗಳು ಹೊರಡುತ್ತವೆ. ಅವುಗಳಲ್ಲಿ ಡೈನಿಂಗ್ ರೂಮಿನ ಊಟ ಟಿಕೆಟ್ ದರದಲ್ಲೇ ಸೇರಿರುತ್ತದೆ. ತುಂಬಾ ಜನ ಇದು ಬೇರೆ ದುಡ್ಡಿನದು ಅಂದುಕೊಂಡು ಬಫೆಗೇ ಹೋಗುತ್ತಾರೆ. ಡೈನಿಂಗ್ ರೂಮಿನಲ್ಲಿ ನೀವು ಕೂತಲ್ಲಿಗೆ ಊಟ ಬರುತ್ತದೆ. ಮೊದಲು ಸಲಾಡ್ ಅಥವಾ ಸೂಪ್, ಆಮೇಲೆ ಮುಖ್ಯ ಊಟ, ಕೊನೆಗೆ ಸಿಹಿ. ನಮ್ಮ ಪಂಕ್ತಿಯ ಹಾಗೆಯೇ ಕ್ರಮ ಇದೆ, ಕೊನೆ ಇದೆ. ಒಂದರಿಂದ ಇನ್ನೊಂದಕ್ಕೆ ನಡುವೆ ಹೊತ್ತು ಇರುತ್ತದೆ. ಹೊಟ್ಟೆ ತುಂಬಿದ್ದು ತಲೆಗೆ ಗೊತ್ತಾಗಲು ಆ ಹೊತ್ತು ಬೇಕು.

ಅಲ್ಲಿ ಇನ್ನೊಂದು ಅನುಕೂಲ ನಿಮ್ಮ ಯಜಮಾನರಿಗೆ. 2015ರಲ್ಲಿ ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನವರು ಒಂದು ಸಣ್ಣ ಅಧ್ಯಯನ ಮಾಡಿದರು. ಮೆಟ್‌ಫಾರ್ಮಿನ್ ತೆಗೆದುಕೊಳ್ಳುವ 11 ಜನರಿಗೆ ಒಂದೇ ಊಟವನ್ನು ಎರಡು ಬಗೆಯಲ್ಲಿ ಕೊಟ್ಟರು. ಒಂದು ದಿನ ಬ್ರೆಡ್ಡು, ಜ್ಯೂಸು ಮೊದಲು. ಇನ್ನೊಂದು ದಿನ ತರಕಾರಿ ಮತ್ತು ಪ್ರೋಟೀನ್ ಮೊದಲು, ಬ್ರೆಡ್ಡು, ಜ್ಯೂಸು ಕೊನೆಗೆ. ಊಟ ಅದೇ, ಅಳತೆ ಅದೇ. ಆದರೆ ತರಕಾರಿ ಮೊದಲು ತಿಂದ ದಿನ ಊಟದ ನಂತರದ ಶುಗರ್ ಏರಿಕೆ ತುಂಬಾ ಕಡಿಮೆ ಇತ್ತು. ಹನ್ನೊಂದೇ ಜನರ ಅಧ್ಯಯನ ನಿಜ. ಆದರೆ ಮಾಡಿ ನೋಡಲು ಖರ್ಚಿಲ್ಲ, ಅಪಾಯವೂ ಇಲ್ಲ. ನನ್ನ ಬಳಿ ಬರುವವರಿಗೂ ಇದನ್ನೇ ಹೇಳುತ್ತೇನೆ. ಗ್ಲುಕೋಮೀಟರ್‌ನಲ್ಲಿ ವ್ಯತ್ಯಾಸ ಕಾಣುತ್ತದೆ. ಹಡಗಿನ ಡೈನಿಂಗ್ ರೂಮಿನಲ್ಲಿ ಒಂದೇ ತೊಡಕು. ಕೂತ ಕೂಡಲೇ ಬ್ರೆಡ್ ಬುಟ್ಟಿ ಮೇಜಿನ ಮೇಲೆ ಬರುತ್ತದೆ. ಬಿಸಿ ಬನ್ನು, ಬೆಣ್ಣೆ. ಹಸಿದಿರುತ್ತೀರಿ. ಮೆನು ಓದುವಷ್ಟರಲ್ಲಿ ಎರಡು ಬನ್ ಒಳಗೆ ಹೋಗಿರುತ್ತವೆ. ಮೊದಲ ರಾತ್ರಿಯೇ ವೇಟರ್‌ಗೆ ಹೇಳಿಬಿಡಿ: ಬ್ರೆಡ್ ಮುಖ್ಯ ಊಟದ ಜೊತೆ ತನ್ನಿ ಅಂತ. ಏಳೂ ರಾತ್ರಿ ಸಾಮಾನ್ಯವಾಗಿ ಅದೇ ಮೇಜು, ಅದೇ ವೇಟರ್. ಒಂದು ಸಲ ಹೇಳಿದರೆ ನೆನಪಿಟ್ಟುಕೊಳ್ಳುತ್ತಾರೆ.

ಈಗ ಸಸ್ಯಾಹಾರದ ವಿಷಯ. ಸಿಂಗಾಪುರದ ಹಡಗಿನಲ್ಲಿ ಆ 290 ಬಂದದ್ದು ಇಲ್ಲಿಂದಲೇ ಅಂತ ನನ್ನ ಬಲವಾದ ಅನುಮಾನ. ಮಾಂಸ, ಮೀನು, ಮೊಟ್ಟೆ ಬಿಟ್ಟವರಿಗೆ ಬಫೆಯಲ್ಲಿ ಸುಲಭವಾಗಿ ಕೈಗೆ ಸಿಗುವುದು ಏನು? ಪಾಸ್ತಾ, ಪಿಜ್ಜಾ, ಫ್ರೆಂಚ್ ಫ್ರೈಸ್, ಬ್ರೆಡ್, ಅನ್ನ, ಆಲೂಗಡ್ಡೆ, ಕೇಕ್. ಎಲ್ಲವೂ ಹಿಟ್ಟು, ಪಿಷ್ಟ, ಸಕ್ಕರೆ. ಪ್ರೋಟೀನ್ ಬಹಳ ಕಡಿಮೆ. ಮನೆಯಲ್ಲಿ ನಿಮಗೆ ಹಾಗಾಗುವುದಿಲ್ಲ. ಹುಳಿಯಲ್ಲಿ ಬೇಳೆ ಇದೆ, ಪಲ್ಯಕ್ಕೆ ಕಾಳು ಬೀಳುತ್ತದೆ, ಕೊನೆಗೆ ಮೊಸರು. ಹಡಗಿನಲ್ಲಿ ಅದನ್ನು ಹುಡುಕಿ ತೆಗೆದುಕೊಳ್ಳಬೇಕು. ಸಲಾಡ್ ಸಾಲಿನಲ್ಲಿ ಬೇಯಿಸಿದ ಕಡಲೆಕಾಳು, ರಾಜ್ಮಾ ಇಟ್ಟಿರುತ್ತಾರೆ. ನಮ್ಮವರು ಅದನ್ನು ಅಲಂಕಾರ ಅಂದುಕೊಂಡು ದಾಟಿ ಹೋಗುತ್ತಾರೆ. ನಿಮಗೆ ಅದೇ ಮುಖ್ಯ. ಎರಡು ದೊಡ್ಡ ಚಮಚ ಹಾಕಿಕೊಳ್ಳಿ, ನಿಂಬೆಹಣ್ಣು ಹಿಂಡಿ, ಮೆಣಸಿನ ಪುಡಿ ಉದುರಿಸಿ. ನಮ್ಮ ಉಸಲಿಯ ತಮ್ಮ ಅನ್ನಬಹುದು. ಟೋಫು ಅನ್ನುವ ಸೋಯಾ ಪನೀರ್, ಚೀಸ್, ಬಾದಾಮಿ ಕೂಡ ಸಿಗುತ್ತವೆ.

ಭಾರತೀಯ ಊಟ ಸಿಗುತ್ತದೆಯೇ ಅಂದರೆ, ಕೇಳಿದರೆ ಸಿಗುತ್ತದೆ. ಕಾರ್ನಿವಲ್ ಹಡಗುಗಳ ಡೈನಿಂಗ್ ರೂಮಿನಲ್ಲಿ ಇಂಡಿಯನ್ ವೆಜಿಟೇರಿಯನ್ ಅಂತ ಕೇಳುವ ರೂಢಿಯೇ ಇದೆ. ಬೇರೆ ಹಡಗುಗಳಲ್ಲೂ ಹೆಡ್ ವೇಟರ್‌ಗೆ ಹಿಂದಿನ ರಾತ್ರಿ ಹೇಳಿದರೆ ಮರುದಿನಕ್ಕೆ ದಾಲ್, ಒಂದು ಪಲ್ಯ, ರೊಟ್ಟಿಯೋ ಅನ್ನವೋ ಮಾಡಿಸಿಕೊಡುತ್ತಾರೆ. ಈ ಹಡಗುಗಳ ಅಡುಗೆಮನೆಯಲ್ಲಿ ಗೋವಾ, ಮುಂಬೈ, ಕೇರಳ, ನಮ್ಮ ಕರಾವಳಿಯ ಕಡೆಯ ಹುಡುಗರು ಇರುವುದು ಸಾಮಾನ್ಯ. ನಿಮ್ಮ ಮಗನಿಗೆ ಹೇಳಿ, ಬುಕಿಂಗ್ ಮಾಡುವಾಗಲೇ ಊಟದ ವಿಶೇಷ ಅಗತ್ಯ ಅನ್ನುವ ಕಡೆ ಸಸ್ಯಾಹಾರ, ಮಧುಮೇಹ ಎರಡನ್ನೂ ನಮೂದಿಸಲಿ. ಹಡಗು ಹತ್ತಿದ ದಿನ ಮತ್ತೊಮ್ಮೆ ಬಾಯಲ್ಲಿ ಹೇಳಿ. ಆ ದಾಲ್ ಬಂದಾಗ ಜೊತೆಗೆ ಒಂದು ಬಟ್ಟಲು ಸಾದಾ ಯೋಗರ್ಟ್ ಕೇಳಿ. ಅದಕ್ಕೆ ನೀರು ಬೆರೆಸಿ ಕಲಕಿದರೆ ಮಜ್ಜಿಗೆ ಆಯಿತು. ಊಟದ ಕೊನೆಗೆ ಅದನ್ನು ಕುಡಿಯಿರಿ. ಹೊಟ್ಟೆಗೆ ಗೊತ್ತಿರುವ ಗುರುತು ಅದು.

ಸಸ್ಯಾಹಾರಿ ಅನ್ನುವ ಮಾತು ಅಲ್ಲಿ ಎಲ್ಲರಿಗೂ ಒಂದೇ ಅರ್ಥದಲ್ಲಿ ತಲುಪುವುದಿಲ್ಲ, ಅದನ್ನೂ ತಿಳಿದಿರಿ. ತರಕಾರಿ ಸೂಪ್ ಅಂತ ಬರೆದಿದ್ದರೂ ಅದಕ್ಕೆ ಹಾಕಿದ ನೀರು ಕೋಳಿ ಬೇಯಿಸಿದ್ದಿರಬಹುದು. ಸೀಸರ್ ಸಲಾಡ್‌ನ ಡ್ರೆಸ್ಸಿಂಗ್‌ನಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನು ಇರುತ್ತದೆ. ಅಮೆರಿಕದ ಬೇಕ್ಡ್ ಬೀನ್ಸ್‌ಗೆ ಹಂದಿ ಮಾಂಸದ ಚೂರು ಹಾಕುವುದುಂಟು. ಮೂಸ್, ಜೆಲ್ಲಿ ತರಹದ ಸಿಹಿಗಳಲ್ಲಿ ಜೆಲಟಿನ್ ಇರಬಹುದು, ಅದು ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದದ್ದು. ಮೊಟ್ಟೆ ತಿನ್ನುವುದಿಲ್ಲ ಅಂದಿರಿ. ಹಾಗಾದರೆ ಅಲ್ಲಿನ ಹೆಚ್ಚಿನ ಕೇಕು, ಕುಕ್ಕೀಸು, ಕಸ್ಟರ್ಡು ಎಲ್ಲದರಲ್ಲೂ ಮೊಟ್ಟೆ ಇದ್ದೇ ಇರುತ್ತದೆ. "ಮೊಟ್ಟೆ ಇಲ್ಲದ್ದು" ಅಂತ ಪ್ರತ್ಯೇಕವಾಗಿ ಕೇಳಬೇಕು. ನಿಮಗೆ ಇದು ಕಿರಿಕಿರಿ ಅನಿಸಬಹುದು. ಆದರೆ ಸಿಹಿಯ ಸಾಲು ಅರ್ಧಕ್ಕರ್ಧ ತಾನಾಗಿ ಕಡಿಮೆಯಾಗುತ್ತದೆ. ಹಣ್ಣು, ಮೊಟ್ಟೆ ಹಾಕದ ಐಸ್‌ಕ್ರೀಮ್ ಉಳಿಯುತ್ತದೆ. ರಾತ್ರಿ ಒಂದು ಸ್ಕೂಪ್ ತರಿಸಿ, ಎರಡು ಚಮಚ ಇಟ್ಟುಕೊಂಡು ಇಬ್ಬರೂ ತಿನ್ನಿ. ಅದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಆ ರಾತ್ರಿ ಅನ್ನ ಅಥವಾ ಬ್ರೆಡ್ ಸ್ವಲ್ಪ ಕಡಿಮೆ ಮಾಡಿಕೊಂಡರೆ ಆಯಿತು.

ಬೆಳಗಿನ ತಿಂಡಿಗೆ ಬಫೆ ಪರವಾಗಿಲ್ಲ. ತಟ್ಟೆ ಹಿಡಿಯುವ ಮೊದಲು ಬರಿಗೈಯಲ್ಲಿ ಒಂದು ಸುತ್ತು ಬನ್ನಿ. ಏನೇನಿದೆ ನೋಡಿ. ಆಮೇಲೆ ನಿಮಗೆ ಬೇಕಾದ್ದನ್ನು ಆರಿಸಿ. ಓಟ್ಸ್ ಗಂಜಿ ಇರುತ್ತದೆ. ಅಮೆರಿಕದ ದಕ್ಷಿಣದ ಹಡಗುಗಳಲ್ಲಿ ಗ್ರಿಟ್ಸ್ ಅಂತ ಒಂದು ಸಿಗುತ್ತದೆ. ಅದು ಮುಸುಕಿನ ಜೋಳದ ನುಚ್ಚಿನ ಗಂಜಿ. ನೋಡಲು ತೆಳು ಉಪ್ಪಿಟ್ಟಿನ ಹಾಗೆ. ಚೀಸ್ ಹಾಕದ್ದು ಸಿಕ್ಕರೆ ಒಂದು ಸೌಟು ತೆಗೆದುಕೊಂಡು, ಮೇಲೆ ಚಟ್ನಿಪುಡಿ ಉದುರಿಸಿ ತಿಂದು ನೋಡಿ. ನನಗೆ ತುಂಬಾ ಹಿಡಿಸಿತು. ಜೊತೆಗೆ ಸಾದಾ ಯೋಗರ್ಟ್, ಒಂದು ಹಿಡಿ ಬಾದಾಮಿ ಅಥವಾ ವಾಲ್‌ನಟ್, ಎರಡು ಹೋಳು ಪಪ್ಪಾಯ. ಬಣ್ಣಬಣ್ಣದ ಹಣ್ಣಿನ ಯೋಗರ್ಟ್, ಮಫಿನ್, ಡೋನಟ್, ಮೇಪಲ್ ಸಿರಪ್ ಸುರಿದ ಪ್ಯಾನ್‌ಕೇಕ್ ಇವೆಲ್ಲ ತಿಂಡಿಯ ವೇಷದ ಸಿಹಿಗಳು. ಒಂದು ದಿನ ಆಸೆಗೆ ಒಂದು ಪ್ಯಾನ್‌ಕೇಕ್ ತಿನ್ನಿ, ಏಳು ದಿನವೂ ಬೇಡ. ಜ್ಯೂಸ್ ಬದಲು ಹಣ್ಣನ್ನೇ ತಿನ್ನಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಹೊಸ ಆಹಾರ ಸೂಚಿ ಹೊರತಂದಿತು. ಅದರ ಪ್ರಕಾರ ದಿನದ ಊಟದಲ್ಲಿ ಅರ್ಧದಷ್ಟು ತರಕಾರಿ, ಹಣ್ಣು ಇರಬೇಕು. ಮನೆಯಲ್ಲಿ ಅಷ್ಟು ತರಕಾರಿ ಹೆಚ್ಚಿ, ಬೇಯಿಸಲು ಎಷ್ಟು ಹೊತ್ತು ಬೇಕು ನಿಮಗೇ ಗೊತ್ತು. ಹಡಗಿನಲ್ಲಿ ಯಾರೋ ಹೆಚ್ಚಿ, ತೊಳೆದು, ಸಾಲಾಗಿ ಇಟ್ಟಿರುತ್ತಾರೆ. ಅಸ್ಪರಾಗಸ್, ಬ್ರಾಕೊಲಿ, ಬಣ್ಣದ ದಪ್ಪ ಮೆಣಸಿನಕಾಯಿ, ಸುಟ್ಟ ಬದನೆ. ಇದನ್ನು ಸವಲತ್ತು ಅಂತ ನೋಡಿ. ಮಧ್ಯಾಹ್ನದ ತಟ್ಟೆಯಲ್ಲಿ ಅರ್ಧ ಇದನ್ನೇ ತುಂಬಿ. ಉಳಿದ ಅರ್ಧದಲ್ಲಿ ಒಂದು ಭಾಗ ಕಾಳು, ಟೋಫು ಅಥವಾ ಚೀಸ್. ಇನ್ನೊಂದು ಭಾಗ ಅನ್ನವೋ ಪಾಸ್ತಾವೋ ನಿಮ್ಮ ಇಷ್ಟ. ಎರಡಕ್ಕೂ ಜಾಗ ಇಲ್ಲ, ಒಂದನ್ನು ಆರಿಸಿ. ಸಲಾಡ್ ಮೇಲೆ ಸುರಿಯುವ ಬಿಳಿ ಡ್ರೆಸ್ಸಿಂಗ್ ಮಾತ್ರ ಪಕ್ಕದಲ್ಲಿ ಒಂದು ಚಮಚ ಹಾಕಿಕೊಂಡು ಅದ್ದಿ ತಿನ್ನಿ. ಬಫೆಯಲ್ಲಿ ಕರಿ ಇದ್ದರೆ ಮೇಲೆ ತೇಲುವ ಎಣ್ಣೆ ಬಿಟ್ಟು ಹೋಳುಗಳನ್ನು ಎತ್ತಿಕೊಳ್ಳಿ.

ತಟ್ಟೆಯಲ್ಲಿ ಬಿಡುವುದು ಪಾಪ ಅನ್ನುವ ಮಾತನ್ನು ನಾವು ಹುಟ್ಟಿದಾಗಿನಿಂದ ಕೇಳಿದ್ದೇವೆ. ನಾನೂ ಹಾಗೇ ಬೆಳೆದವಳು. ಅನ್ನ ಚೆಲ್ಲಲು ಕೈ ಬರುವುದಿಲ್ಲ. ಆದರೆ ಹಡಗಿನಲ್ಲಿ ಈ ಒಳ್ಳೆಯ ಗುಣವೇ ನಮಗೆ ತೊಂದರೆ ಕೊಡುತ್ತದೆ. ನೀವು ಕೇಳದಿದ್ದರೂ ವೇಟರ್ ಪ್ರೀತಿಯಿಂದ ಇನ್ನೊಂದು ಬಗೆ ತಂದಿಡುತ್ತಾನೆ. ಮುಗಿಸಬೇಕಲ್ಲ ಅಂತ ಯಜಮಾನರು ಮುಗಿಸುತ್ತಾರೆ. ಹಾಗಾಗಿ ಮೊದಲೇ ಹೇಳಿ. ಮುಖ್ಯ ಊಟದ ಬದಲು ಎರಡು ಸ್ಟಾರ್ಟರ್ ತರಿಸಬಹುದು, ಅಳತೆ ಸಣ್ಣದು. ಒಂದೇ ಪಾಸ್ತಾ ತರಿಸಿ ಇಬ್ಬರೂ ಹಂಚಿಕೊಳ್ಳಬಹುದು. ಅಲ್ಲಿ ಇದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಬಫೆಯಲ್ಲಿ ಸ್ವಲ್ಪ ಸ್ವಲ್ಪ ಹಾಕಿಕೊಳ್ಳಿ. ಬೇಕಾದರೆ ಮತ್ತೆ ಎದ್ದು ಹೋದರಾಯಿತು.

ಮಗನ ಕೂಲ್ ಡ್ರಿಂಕ್ಸ್ ಪ್ಯಾಕೇಜ್ ವಿಷಯಕ್ಕೆ ಬರುತ್ತೇನೆ. ದಯವಿಟ್ಟು ನಿಮ್ಮಿಬ್ಬರಿಗೆ ಅದು ಬೇಡ ಅನ್ನಿ. ಪ್ಯಾಕೇಜ್ ಅಂದರೆ ದಿನಕ್ಕಿಷ್ಟು ಅಂತ ಮೊದಲೇ ಕಟ್ಟುವ ದುಡ್ಡು. ಕಟ್ಟಿದ ಮೇಲೆ ವಸೂಲಿ ಮಾಡಬೇಕು ಅನಿಸುತ್ತದೆ. ಅದು ಮನುಷ್ಯ ಸ್ವಭಾವ. ಅಮೆರಿಕದ 355 ಮಿ.ಲೀ.ನ ಒಂದು ಕ್ಯಾನ್ ಕೋಲಾದಲ್ಲಿ 39 ಗ್ರಾಂ ಸಕ್ಕರೆ ಇದೆ. ಸುಮಾರು ಒಂಬತ್ತು, ಹತ್ತು ಚಮಚ. ಬಾಯಾರಿಕೆಗೆ ಅಂತ ದಿನಕ್ಕೆ ಎರಡು ಕುಡಿದರೂ ಯಜಮಾನರ ಶುಗರ್ ಯಾವ ಮಾತ್ರೆಗೂ ಬಗ್ಗುವುದಿಲ್ಲ. ಹಡಗಿನಲ್ಲಿ ಬಿಟ್ಟಿ ಸಿಗುವ ಲೆಮನೇಡ್ ಕೂಡ ಸಿಹಿನೀರೇ, ಅದನ್ನು ನಮ್ಮ ನಿಂಬೆ ಪಾನಕ ಅಂದುಕೊಂಡು ಲೋಟಗಟ್ಟಲೆ ಕುಡಿಯಬೇಡಿ. ನೀರು, ಸಕ್ಕರೆ ಹಾಕದ ಐಸ್ ಟೀ, ಕಾಫಿ, ಟೀ ಎಲ್ಲ ಟಿಕೆಟ್‌ನಲ್ಲೇ ಸೇರಿವೆ. ಹಡಗಿನ ನಲ್ಲಿ ನೀರು ಕುಡಿಯಲು ಯೋಗ್ಯವಾದದ್ದು, ಬಾಟಲಿ ನೀರು ಕೊಳ್ಳುವ ಅಗತ್ಯವಿಲ್ಲ. ಬಿಸಿಲಿನಲ್ಲಿ ಬಾಯಾರಿಕೆಯನ್ನೇ ಹಸಿವು ಅಂದುಕೊಂಡು ತಿನ್ನುವವರು ಬಹಳ. ಮೊದಲು ಒಂದು ಲೋಟ ನೀರು ಕುಡಿದು ನೋಡಿ.

ಇನ್ನು ಮಾತ್ರೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಯಜಮಾನರಿಗೂ ಓದಿ ಹೇಳಿ.

ಗ್ಲಿಮೆಪಿರೈಡ್ ಊಟದ ಹೊತ್ತಿಗೆ ಹೊಂದಿಸಿ ತೆಗೆದುಕೊಳ್ಳಬೇಕಾದ ಮಾತ್ರೆ. ಮಾತ್ರೆ ನುಂಗಿ ಊಟ ತಡವಾದರೆ ಶುಗರ್ ತೀರಾ ಇಳಿಯಬಹುದು. ಹಡಗಿನಲ್ಲಿ ಇದು ಆಗುವ ಸಂದರ್ಭ ಎರಡು. ಒಂದು, ರಾತ್ರಿಯೂಟಕ್ಕೆ ಎರಡನೇ ಪಾಳಿ ಸಿಕ್ಕರೆ. ಮೊದಲ ಪಾಳಿ ಸಂಜೆ ಐದೂವರೆ, ಆರರ ಸುಮಾರಿಗೆ. ಎರಡನೆಯದು ಎಂಟರ ಹೊತ್ತಿಗೆ. ಸಂಜೆ ಆರಕ್ಕೆ ಊಟವೇ ಅಂತ ನಿಮಗೆ ಅನಿಸಬಹುದು. ಆದರೂ ಇವರಿಗೆ ಮೊದಲ ಪಾಳಿಯೇ ಒಳ್ಳೆಯದು. ಊಟ ಮುಗಿಸಿ ನಡೆಯಲು, ಮಲಗುವ ಮೊದಲು ಅರಗಲು ಹೊತ್ತು ಸಿಗುತ್ತದೆ. ಎರಡು, ಬಂದರಿನಲ್ಲಿ ಇಳಿದು ಸುತ್ತಾಡುವ ದಿನ. ಬಸ್ಸು, ದೋಣಿ, ಸರತಿ ಅಂತ ಮಧ್ಯಾಹ್ನ ಎರಡೂವರೆ, ಮೂರಾಗುತ್ತದೆ. ಆ ದಿನ ಮಾತ್ರೆ ಯಾವಾಗ, ಎಷ್ಟು ಅನ್ನುವುದನ್ನು ಹೊರಡುವ ಮೊದಲೇ ನಿಮ್ಮ ವೈದ್ಯರ ಹತ್ತಿರ ಕೇಳಿ ಬರೆಸಿಕೊಳ್ಳಿ. ನೀವೇ ಮಾತ್ರೆ ಬಿಡುವುದು, ಜಾಸ್ತಿ ತಿಂದೆ ಅಂತ ಇನ್ನೊಂದು ನುಂಗುವುದು ಎರಡೂ ಬೇಡ. ಬೆವರು, ಕೈನಡುಕ, ಎದೆಬಡಿತ ಬಂದರೆ ತಕ್ಷಣ ಗ್ಲುಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಗ್ಲೂಕೋಸ್, ಅಂದರೆ ಮೂರು ಚಮಚ, ಇಲ್ಲವೇ ಅರ್ಧ ಲೋಟ ಜ್ಯೂಸ್. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಯಂತ್ರ ಕೈಯಲ್ಲಿ ಇಲ್ಲದಿದ್ದರೆ ಕಾಯಬೇಡಿ, ಮೊದಲು ಸಿಹಿ ಕೊಡಿ. ಇವರು ಮದ್ಯ ತೆಗೆದುಕೊಳ್ಳುವವರಾದರೆ ಒಂದು ಮಾತು. ಈ ಮಾತ್ರೆಯ ಜೊತೆ ಬರಿಹೊಟ್ಟೆಯಲ್ಲಿ ಮದ್ಯ ತುಂಬಾ ಅಪಾಯ. ರಾತ್ರಿ ನಿದ್ದೆಯಲ್ಲೇ ಶುಗರ್ ಇಳಿಯಬಹುದು.

ಮಾತ್ರೆ, ಗ್ಲುಕೋಮೀಟರ್, ಗ್ಲೂಕೋಸ್ ಎಲ್ಲ ಕೈಚೀಲದಲ್ಲೇ ಇರಲಿ. ಬಂದರಿನಲ್ಲಿ ದೊಡ್ಡ ಸೂಟ್‌ಕೇಸ್ ಹಡಗಿನವರ ಕೈಗೆ ಕೊಟ್ಟರೆ ಅದು ರೂಮಿಗೆ ಬರುವಾಗ ಸಂಜೆಯಾಗುತ್ತದೆ.

ಊಟದ ನಂತರ ನಡೆಯಿರಿ. ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2013ರಲ್ಲಿ ವಯಸ್ಸಾದವರ ಮೇಲೆ ಮಾಡಿದ ಅಧ್ಯಯನದಲ್ಲಿ, ಪ್ರತಿ ಊಟದ ಬಳಿಕ 15 ನಿಮಿಷ ನಡೆದರೆ ಶುಗರ್ ಹತೋಟಿಗೆ ಬರುವುದು ಕಂಡಿತ್ತು. ರಾತ್ರಿಯೂಟದ ನಂತರದ ನಡಿಗೆ ಅದರಲ್ಲೂ ಚೆನ್ನಾಗಿ ಕೆಲಸ ಮಾಡಿತ್ತು. ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆ ಸುತ್ತಿದವರಿಗೆ ಹಡಗಿನ ಡೆಕ್ ಸುತ್ತುವುದು ಕಷ್ಟವಲ್ಲ. ಕತ್ತಲಲ್ಲಿ ಸಮುದ್ರದ ಗಾಳಿ, ಮೇಲೆ ನಕ್ಷತ್ರ. ನನ್ನ ಇಡೀ ಪ್ರವಾಸದಲ್ಲಿ ಅತಿ ಹೆಚ್ಚು ನೆನಪಿರುವುದು ಆ ಹದಿನೈದು ನಿಮಿಷಗಳೇ. ಮಂಡಿ ನೋವಿಲ್ಲದಿದ್ದರೆ ಎರಡು ಮೂರು ಮಹಡಿಗೆ ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿಯಿರಿ.

ನಿಮ್ಮ ಬಿ.ಪಿ.ಗೆ ಉಪ್ಪು. ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಸಣ್ಣ ಚಮಚದೊಳಗೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಡಗಿನ ಸೂಪು, ಪಿಜ್ಜಾ, ಚೀಸ್, ಬ್ರೆಡ್ ಎಲ್ಲದರಲ್ಲೂ ಉಪ್ಪು ಇದೆ. ಇದರ ಮೇಲೆ ಸಪ್ಪೆ ಅಂತ ನಾವು ಉಪ್ಪಿನಕಾಯಿ ತೆಗೆಯುತ್ತೇವೆ. ಉಪ್ಪಿನಕಾಯಿ ಮನೆಯಲ್ಲೇ ಬಿಡಿ, ಚಟ್ನಿಪುಡಿ ಒಯ್ಯಿರಿ. ಅದೂ ಅಂಗಡಿಯ ಸೀಲ್ ಒಡೆಯದ ಪೊಟ್ಟಣ. ಮನೆಯಲ್ಲಿ ಮಾಡಿದ ಅಡುಗೆಯನ್ನು ಹಡಗಿಗೆ ಬಿಡುವುದಿಲ್ಲ. ಸೀಲ್ ಆದ ಒಣ ತಿಂಡಿಗೆ ಸಾಮಾನ್ಯವಾಗಿ ಅಡ್ಡಿ ಇಲ್ಲ. ಪುಟ್ಟ ಎಲೆಕ್ಟ್ರಿಕ್ ಕುಕ್ಕರ್, ಕೆಟಲ್ ಒಯ್ದು ರೂಮಿನಲ್ಲೇ ಅನ್ನ ಮಾಡೋಣ ಅಂದುಕೊಂಡಿದ್ದರೆ ಬೇಡ. ಬೆಂಕಿಯ ಭಯಕ್ಕೆ ಅಂಥವನ್ನು ಹಡಗಿನಲ್ಲಿ ನಿಷೇಧಿಸಿದ್ದಾರೆ. ಬಂದರಿನ ತಪಾಸಣೆಯಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ.

ಗ್ಯಾಲ್ವೆಸ್ಟನ್‌ನಿಂದ ಏಳು ರಾತ್ರಿ ಅಂದರೆ ಹೆಚ್ಚಾಗಿ ಮೆಕ್ಸಿಕೊದ ಕೊಸುಮೆಲ್, ಕೋಸ್ಟಾ ಮಾಯಾ, ಹೊಂಡುರಾಸ್‌ನ ರೊವಾಟಾನ್ ಕಡೆ ಹೋಗುತ್ತದೆ. ಅಲ್ಲಿ ಇಳಿದ ಮೇಲೆ ಏನೂ ತಿನ್ನದೆ ಹಡಗಿಗೆ ಓಡಿ ಬರುವ ಅಗತ್ಯವಿಲ್ಲ. ಟೋರ್ಟಿಯಾ ಅನ್ನುವ ಮೆಕ್ಸಿಕೊದ ಮುಸುಕಿನ ಜೋಳದ ರೊಟ್ಟಿ ಬಿಸಿಬಿಸಿ ತಿನ್ನಲು ಚೆನ್ನಾಗಿರುತ್ತದೆ. ಕಣ್ಣೆದುರೇ ಬೆಣ್ಣೆಹಣ್ಣು ಜಜ್ಜಿ, ನಿಂಬೆ, ಈರುಳ್ಳಿ, ಕೊತ್ತಂಬರಿ ಹಾಕಿ ಗ್ವಾಕಮೋಲೆ ಮಾಡಿಕೊಡುತ್ತಾರೆ. ನಮ್ಮ ಗೊಜ್ಜಿನ ನೆನಪಾಗುತ್ತದೆ. ರೊವಾಟಾನ್‌ನಲ್ಲಿ ಬಲೇಯಾಡಾ ಅಂತ, ಮೈದಾ ರೊಟ್ಟಿಯೊಳಗೆ ಕಾಳಿನ ಹೂರಣ ಇಟ್ಟು ಮಡಚಿ ಕೊಡುತ್ತಾರೆ. ಕೇಳಬೇಕಾದ ಪ್ರಶ್ನೆ ಒಂದೇ: ಕಾಳನ್ನು ಹಂದಿಯ ಕೊಬ್ಬಿನಲ್ಲಿ ಹುರಿದಿದ್ದಾರೆಯೇ? ಅಲ್ಲಿ ಅದು ಹಳೆಯ ಪದ್ಧತಿ. ಸ್ಪ್ಯಾನಿಷ್‌ನಲ್ಲಿ ಅದನ್ನು ಮಾಂತೇಕಾ ಅನ್ನುತ್ತಾರೆ. "ಸಿನ್ ಮಾಂತೇಕಾ" ಅಂದರೆ ಆ ಕೊಬ್ಬು ಹಾಕದ್ದು. ದಂಡೆಯ ಮೇಲೆ ಕುಡಿಯುವ ನೀರು ಸೀಲ್ ಆದ ಬಾಟಲಿಯದ್ದೇ ಇರಲಿ. ಬೀದಿ ಬದಿಯ ಐಸ್ ಬೇಡ. ಹಡಗಿನಿಂದ ಬಾಳೆಹಣ್ಣು, ಸೇಬು ಚೀಲಕ್ಕೆ ಹಾಕಿಕೊಂಡು ಇಳಿಯಬೇಡಿ. ಹಣ್ಣು, ಅಡುಗೆ ದಂಡೆಗೆ ಒಯ್ಯುವುದಕ್ಕೆ ಆ ದೇಶಗಳಲ್ಲಿ ಅನುಮತಿ ಇಲ್ಲ. ಸೀಲ್ ಆದ ಬಾದಾಮಿ ಪೊಟ್ಟಣ, ಬಿಸ್ಕತ್ತು ಸಾಕು. ಊಟಕ್ಕೆ ಸಂಬಂಧವಿಲ್ಲದಿದ್ದರೂ ಇದನ್ನು ಹೇಳದೆ ಬಿಡಲಾರೆ. ಹನ್ನೆರಡು ವರ್ಷದ ಶುಗರ್ ಇರುವ ಕಾಲಿಗೆ ಸುಡುವ ಮರಳು ಗೊತ್ತಾಗದೇ ಹೋಗಬಹುದು. ಸಮುದ್ರದಂಡೆಯಲ್ಲಿ ಇವರು ಚಪ್ಪಲಿ ಬಿಚ್ಚಬಾರದು.

ಹಡಗಿನಲ್ಲಿ ವಾಂತಿಭೇದಿ ಹರಡುವ ಸುದ್ದಿ ನೀವೂ ಓದಿರಬಹುದು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿ.ಡಿ.ಸಿ. 1970ರ ದಶಕದಿಂದ ಹಡಗುಗಳ ಅಡುಗೆಮನೆ ತಪಾಸಣೆಯ ಕಾರ್ಯಕ್ರಮ ನಡೆಸಿಕೊಂಡು ಬಂದಿದೆ. ನೂರಕ್ಕೆ 86 ಅಂಕ ಬಂದರೆ ಪಾಸು. ಬಿಸಿ ಪದಾರ್ಥ 57 ಡಿಗ್ರಿ ಸೆಲ್ಸಿಯಸ್‌ಗಿಂತ ಆರಬಾರದು, ತಣ್ಣನೆಯದು 5 ಡಿಗ್ರಿಗಿಂತ ಬಿಸಿಯಾಗಬಾರದು ಅನ್ನುವಷ್ಟು ಕಟ್ಟುನಿಟ್ಟು. ಹಾಗಾಗಿ ಅಡುಗೆಗಿಂತ ನಾನು ಹೆದರುವುದು ಕೈಗೆ. ಬಫೆಯ ಸೌಟನ್ನು ಸಾವಿರಾರು ಜನ ಹಿಡಿದಿರುತ್ತಾರೆ. ನೋರೋವೈರಸ್ ಅನ್ನುವ ರೋಗಾಣು ಸ್ಯಾನಿಟೈಸರ್‌ಗೆ ಸರಿಯಾಗಿ ಸಾಯುವುದಿಲ್ಲ. ಸೋಪು, ನೀರು, ಇಪ್ಪತ್ತು ಸೆಕೆಂಡ್. ಬಡಿಸಿಕೊಂಡು ಬಂದು ತಟ್ಟೆ ಮೇಜಿನ ಮೇಲಿಟ್ಟು, ಒಬ್ಬರು ಕಾವಲಿದ್ದು ಇನ್ನೊಬ್ಬರು ಹೋಗಿ ಕೈ ತೊಳೆದು ಬನ್ನಿ. ಕೈಯಲ್ಲೇ ಉಣ್ಣುವ ನಮಗೆ ಇದು ಇನ್ನೂ ಮುಖ್ಯ. ನಾಲ್ಕಾರು ಓ.ಆರ್.ಎಸ್. ಪೊಟ್ಟಣ ಜೊತೆಗಿರಲಿ. ವಾಂತಿಯೋ ಭೇದಿಯೋ ಶುರುವಾದರೆ ಮುಚ್ಚಿಡದೆ ಹಡಗಿನ ವೈದ್ಯರಿಗೆ ತಿಳಿಸಿ. ಅಂಥ ದಿನ ಶುಗರ್ ಮಾತ್ರೆ ಏನು ಮಾಡಬೇಕು ಅನ್ನುವುದನ್ನೂ ಊರಿನ ವೈದ್ಯರಿಂದಲೇ ಮೊದಲು ಬರೆಸಿಕೊಂಡಿರಿ.

ಹಡಗು ತೂಗಿ ಹೊಟ್ಟೆ ತೊಳಸಿದರೆ ಖಾಲಿ ಹೊಟ್ಟೆಯಲ್ಲಿ ಮಲಗಬೇಡಿ, ಅದರಿಂದ ಜಾಸ್ತಿಯೇ ಆಗುತ್ತದೆ. ಸಪ್ಪೆ ಬಿಸ್ಕತ್ತು, ಒಂದು ಹೋಳು ಸೇಬು, ಶುಂಠಿ ಕಷಾಯ ಸಾಕು. ಹಡಗಿನ ನಡುಭಾಗದಲ್ಲಿ, ಕೆಳಗಿನ ಮಹಡಿಯಲ್ಲಿ ಕೂತರೆ ತೂಗಾಟ ಕಡಿಮೆ.

ಮೊದಲ ದಿನ ಮಾತ್ರ ಎಚ್ಚರ ತಪ್ಪಬೇಡಿ. ಮಧ್ಯಾಹ್ನ ಹಡಗು ಹತ್ತಿದ ಕೂಡಲೇ ಎಲ್ಲರೂ ಬಫೆಗೆ ನುಗ್ಗುತ್ತಾರೆ. ರೂಮು ಇನ್ನೂ ಸಿದ್ಧವಿರುವುದಿಲ್ಲ, ಹೋಗಲು ಬೇರೆ ಜಾಗ ಗೊತ್ತಿರುವುದಿಲ್ಲ. ಮಗನ ಮನೆಯಿಂದ ತಿಂಡಿ ತಿಂದೇ ಹೊರಡಿ. ಹ್ಯೂಸ್ಟನ್‌ನಿಂದ ಗ್ಯಾಲ್ವೆಸ್ಟನ್‌ಗೆ ಕಾರಿನಲ್ಲಿ ಒಂದು ಗಂಟೆ ಚಿಲ್ಲರೆ. ಕೆಲವು ಹಡಗುಗಳಲ್ಲಿ ಆ ಮಧ್ಯಾಹ್ನ ಡೈನಿಂಗ್ ರೂಮೂ ತೆರೆದಿರುತ್ತದೆ. ಅಲ್ಲಿ ಕೂತು ಉಂಡು, ಹಾಗೇ ಹೆಡ್ ವೇಟರ್‌ನ ಪರಿಚಯ ಮಾಡಿಕೊಳ್ಳಿ. ದಾಲ್ ಮತ್ತು ಯೋಗರ್ಟ್ ಮಾತು ಅಲ್ಲೇ ಮುಗಿದುಹೋಗಲಿ. ಇವರ ಶುಗರ್ ದಿನಕ್ಕೆ ಎರಡು ಸಲ ನೋಡಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮತ್ತು ಒಂದು ಊಟದ ಎರಡು ಗಂಟೆ ನಂತರ. ಪುಟ್ಟ ಡೈರಿಯಲ್ಲಿ ಬರೆಯಿರಿ. ಯಾವ ಊಟ ಇವರಿಗೆ ಒಗ್ಗಿತು, ಯಾವುದು ಏರಿಸಿತು ಅಂತ ಮೂರನೇ ದಿನಕ್ಕೆ ನಿಮಗೇ ತಿಳಿಯುತ್ತದೆ. 250 ದಾಟಿ ಎರಡು ದಿನ ಹಾಗೇ ನಿಂತರೆ ಹಡಗಿನ ವೈದ್ಯರನ್ನು ಕಾಣಿ.

ಇಳಿದು ಬಂದ ದಿನ ಉಪವಾಸ ಮಾಡಿಸಬೇಡಿ, ಗ್ಲಿಮೆಪಿರೈಡ್ ಇರುವಾಗ ಅದು ಸಲ್ಲದು. ಸೊಸೆಗೆ ಹೇಳಿ ತಿಳಿಸಾರು, ಬೀನ್ಸ್ ಪಲ್ಯ, ಸ್ವಲ್ಪ ಅನ್ನ, ಮಜ್ಜಿಗೆ ಮಾಡಿಸಿ. ನಿಮ್ಮ ತೂಕ ಅವತ್ತೇ ನೋಡಬೇಡಿ, ಒಂದು ವಾರ ಬಿಟ್ಟು ನೋಡಿ. ಡೈರಿಯನ್ನು ಊರಿಗೆ ಬಂದ ಮೇಲೆ ನಿಮ್ಮ ವೈದ್ಯರಿಗೆ ತೋರಿಸಿ. ನನಗೂ ಒಂದು ಸಾಲು ಬರೆದು ತಿಳಿಸಿ, ಗ್ರಿಟ್ಸ್ ಮತ್ತು ಚಟ್ನಿಪುಡಿ ಹೇಗಿತ್ತು ಅಂತ.